ಬಾರದ ದಿನದ ಮಾತ್ರೆ

ಈ ಊರಿಗೆ ನಾನು ನರ್ಸಾಗಿ ಬಂದ ಎರಡನೇ ವಾರದಲ್ಲೇ ಒಂದು ಗುರುವಾರ ಬರಲಿಲ್ಲ. ಬುಧವಾರ ಉಂಡು ಮಲಗಿದ್ದೆ, ಎದ್ದಾಗ ಶುಕ್ರವಾರ. ಹಾಲು ಒಡೆದಿತ್ತು, ನೆನೆಹಾಕಿದ್ದ ಹೆಸರುಕಾಳು ಮೊಳಕೆ ಬಿಟ್ಟು ಬಟ್ಟಲಿನಿಂದ ಹೊರಗೆ ಇಣುಕುತ್ತಿತ್ತು. ನನಗೇ ಏನೋ ಕಾಯಿಲೆಯಾಗಿ ಎಚ್ಚರ ತಪ್ಪಿರಬೇಕೆಂದು ಹೆದರಿ ಪಕ್ಕದ ಮನೆಗೆ ಓಡಿದೆ. ಅಲ್ಲಿ ಹಾಲಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ನನ್ನ ಮುಖ ನೋಡಿ, "ನಿನ್ನೆ ಬಂದಿಲ್ಲ ಕಣಮ್ಮ, ಅಷ್ಟೇಯ. ಹೋಗಿ ಹಾಲು ಚೆಲ್ಲು," ಅಂದರು. ನಲ್ಲಿಯಲ್ಲಿ ನೀರು ಬಂದಿಲ್ಲ ಅಂದಷ್ಟೇ ಸಲೀಸಾಗಿ.

ಮೊದಮೊದಲು ತಲೆ ಕೆಟ್ಟುಹೋಗುತ್ತಿತ್ತು. ಆಮೇಲೆ ನಾನೂ ಊರಿನವಳಾದೆ. ಇಲ್ಲಿ ಪ್ರತಿ ಮನೆಯಲ್ಲೂ ಅಡುಗೆಮನೆಯ ಕಿಟಕಿಯಲ್ಲಿ ಒಂದು ಲೋಟ ದೋಸೆಹಿಟ್ಟು ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಹಿಟ್ಟು ಉಬ್ಬಿ ನಿಂತಿದ್ದರೆ ದಿನ ಸರಿಯಾಗಿ ಬಂದಿದೆ. ಉಬ್ಬಿ ಇಳಿದು, ಮೂಗಿಗೆ ಹುಳಿ ಹೊಡೆದರೆ ನಡುವೆ ಒಂದು ದಿನ ಬಂದಿಲ್ಲ. ಹೊರಗಿನಿಂದ ಬರುವ ಬಸ್ಸು ಮಾತ್ರ ದಿನ ತಪ್ಪಿಸುವುದಿಲ್ಲ. "ನಿನ್ನೆ ಬಂದಿದ್ದೆ ಕಣ್ರೀ, ಸ್ಟ್ಯಾಂಡಲ್ಲಿ ಒಂದು ನಾಯಿ ಬಿಟ್ರೆ ಯಾರೂ ಇರ್ಲಿಲ್ಲ," ಎಂದು ಕಂಡಕ್ಟರ್ ಇಬ್ರಾಹಿಂ ಹೇಳಿದರೆ ಅದು ಖಾತ್ರಿ. ವರ್ಷಕ್ಕೆ ಮೂವತ್ತು ಮೂವತ್ತೈದು ದಿನ ಹೀಗಾಗುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಬರುತ್ತದೆಯೇ?

ಊರಿನ ಪದ್ಧತಿ ಒಂದೇ: ಬಾರದ ದಿನದ್ದು ಯಾವುದೂ ಮನೆಯಲ್ಲಿ ಇರಬಾರದು, ಲೆಕ್ಕಕ್ಕೆ ಬರಬಾರದು. ಆ ದಿನದ ಕೂಲಿ ಕೇಳುವಂತಿಲ್ಲ, ಶಾಲೆಯಲ್ಲಿ ಹಾಜರಿ ಕೂಗುವಂತಿಲ್ಲ, ಮಗುವಿನ ವಯಸ್ಸಿಗೆ ಕೂಡಿಸುವಂತಿಲ್ಲ. ಚಾವಡಿಯ ಯಜಮಾನರು ಬೆಳಿಗ್ಗೆ ಎಲ್ಲರೆದುರು ಕ್ಯಾಲೆಂಡರಿನ ಹಾಳೆ ಹರಿದು ಬೆಂಕಿಗೆ ಹಾಕುತ್ತಾರೆ, ಮನೆಮನೆಯಲ್ಲೂ ಹಾಗೇ ಮಾಡುತ್ತಾರೆ. ಒಡೆದ ಹಾಲು, ಬಾಡಿದ ಹೂವು, ಕಟ್ಟಿಟ್ಟ ಬುತ್ತಿ, ಎಲ್ಲ ಹೊರಗೆ. "ಬಾರದ ದಿನಕ್ಕೆ ಬಾಯಿಲ್ಲ" ಅನ್ನುವುದು ಇಲ್ಲಿನ ಗಾದೆ. ನಾನು ಮಾತ್ರ ನನ್ನ ಕ್ಯಾಲೆಂಡರಿನ ಹಾಳೆ ಹರಿಯದೆ, ಬಾರದ ದಿನಗಳಿಗೆ ಕೆಂಪು ಸುತ್ತು ಹಾಕಿ ಇಟ್ಟುಕೊಂಡಿದ್ದೆ. ಲಸಿಕೆ ಹಾಕುವವಳಿಗೆ ದಿನ ತಪ್ಪಿದರೆ ನಡೆಯುತ್ತದೆಯೇ?

ಹೋದ ವರ್ಷ ಕೆಳಗಿನ ಬೀದಿಯ ಮೂವರು ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಸುರಾದರು. ಮೂವರೂ ನನ್ನ ಕೈಯಿಂದಲೇ ಗರ್ಭ ತಡೆಯುವ ಮಾತ್ರೆ ಒಯ್ಯುತ್ತಿದ್ದವರು. ಊರಿಗೆಲ್ಲ ಸುದ್ದಿಯಾಯಿತು: ಸರ್ಕಾರಿ ಮಾತ್ರೆ ಬರೀ ಸುಣ್ಣದ ಉಂಡೆ, ನರ್ಸಮ್ಮ ಅವಧಿ ಮುಗಿದದ್ದು ಕೊಡುತ್ತಾಳೆ. ನನಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಮಾತ್ರೆಯನ್ನು ದಿನಾ ತಪ್ಪದೆ ನುಂಗಿದರೆ ನೂರು ಹೆಂಗಸರಲ್ಲಿ ವರ್ಷಕ್ಕೆ ಒಬ್ಬಳಿಗೂ ಬಸುರು ನಿಲ್ಲುವುದು ಅಪರೂಪ. ಆಗೀಗ ಮರೆಯುವವರಲ್ಲಾದರೆ ಏಳೆಂಟು ಮಂದಿಗೆ ನಿಲ್ಲುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರೇ ಮರೆತಿರುತ್ತಾರೆ ಅಂದುಕೊಂಡು ಮೂವರ ಮನೆಗೂ ಹೋಗಿ ಮಾತ್ರೆಯ ಹಾಳೆ ತೋರಿಸಿ ಎಂದೆ. ಒಂದು ಗೂಡೂ ಬಿಡದೆ ಎಲ್ಲ ಖಾಲಿ. ಇನ್ನೇನೂ ಕೇಳದೆ ವಾಪಸು ಬಂದೆ. ಖಾಲಿ ಗೂಡೆಂದರೆ ಹೊಟ್ಟೆಗೆ ಹೋದ ಮಾತ್ರೆ ಎಂದು ನಂಬಿದ್ದೆ, ಹನ್ನೊಂದು ವರ್ಷ ಇಲ್ಲೇ ಇದ್ದೂ ನಾನು ಮಾಡಿದ ತಪ್ಪು ಅದು. ಆ ಮೂವರಿಗೆ ನಾನು ಇವತ್ತಿಗೂ ತಲೆ ಎತ್ತಿ ಮುಖ ತೋರಿಸಲಾರೆ.

ಹಾಲಮ್ಮನ ಸೊಸೆ ದಾಕ್ಷಾಯಿಣಿ ಒಂದು ಶುಕ್ರವಾರ ಬೆಳಿಗ್ಗೆ ಬಾರದೇ ಹೋಗಿದ್ದರೆ ಆ ತಪ್ಪು ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ. ಅವಳಿಗೆ ಇಪ್ಪತ್ತಾರು ವಯಸ್ಸು, ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಎರಡು ವರ್ಷದ ಹೆಣ್ಣುಮಗುವಿದೆ. ಆ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹರಿದು, ತಾಲ್ಲೂಕು ಆಸ್ಪತ್ರೆಯಲ್ಲಿ ಆರು ಬಾಟಲಿ ರಕ್ತ ಏರಿಸಿ ಅವಳನ್ನು ಉಳಿಸಿಕೊಂಡಿದ್ದರು. ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತಿದ್ದವಳು ನಾನೇ. ಇನ್ನೊಂದು ಸದ್ಯಕ್ಕೆ ಬೇಡವೇ ಬೇಡ, ಇನ್ನೊಮ್ಮೆ ಹೀಗಾದರೆ ನಮ್ಮ ಕೈಲಾಗದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅವಳ ರಕ್ತದ ಹಿಮೋಗ್ಲೋಬಿನ್ ಹತ್ತಕ್ಕೆ ಏರಲು ಎರಡು ವರ್ಷ ಬೇಕಾಗಿತ್ತು.

"ಅಕ್ಕಾ, ನೀವು ಹೇಳಿದ್ರಲ್ಲ, ಏನಾದ್ರೂ ಎಡವಟ್ಟಾದ್ರೆ ಮೂರು ದಿನದೊಳಗೆ ನುಂಗೋ ಮಾತ್ರೆ ಒಂದೈತೆ ಅಂತ. ಅದನ್ನ ಕೊಡಿ. ಕೆಳಗಿನ ಬೀದಿಯೋರ ಕತೆ ಕೇಳಿ ನಂಗೆ ಯಾಕೋ ಭಯ ಆಗ್ತೈತೆ," ಅಂದಳು.

"ಏನು ಎಡವಟ್ಟಾಯ್ತು? ಮಾತ್ರೆ ಮರೆತೆಯಾ?"

"ಇಲ್ಲಪ್ಪ. ಒಂದೂ ಮರ್ತಿಲ್ಲ." ಸೆರಗಿನಿಂದ ಹಾಳೆ ತೆಗೆದು ತೋರಿಸಿದಳು. ಹೊಸ ಹಾಳೆ, ಬಿಳಿ ಮಾತ್ರೆಯ ಸಾಲಿನಲ್ಲಿ ನಾಲ್ಕು ಗೂಡು ಖಾಲಿ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಆ ವಾರ ಸೋಮವಾರವೂ ಬಂದಿರಲಿಲ್ಲ, ಮಂಗಳವಾರವೂ ಬಂದಿರಲಿಲ್ಲ. ಎರಡು ದಿನ ಒಟ್ಟಿಗೆ ಬಾರದಿದ್ದುದು ನಾನು ಕಂಡಂತೆ ಅದೇ ಮೊದಲು. ಭಾನುವಾರ ಮಲಗಿದ ಊರು ಎದ್ದದ್ದು ಬುಧವಾರ.

"ಸೋಮವಾರದ್ದು, ಮಂಗಳವಾರದ್ದು ಯಾವಾಗ ನುಂಗಿದೆ?"

ಅವಳು ನನ್ನನ್ನೇ ಪೆದ್ದಿಯ ಹಾಗೆ ನೋಡಿದಳು. "ಬಾರದ ದಿನದ್ದು ನುಂಗ್ತಾರಾ ಅಕ್ಕಾ? ಕ್ಯಾಲೆಂಡರ್ ಹಾಳೆ ಜೊತೆ ಅವೆರಡು ಮಾತ್ರೇನೂ ಅತ್ತೆ ನೀರೊಲೆಗೆ ಹಾಕಿದ್ರು. ಎಲ್ರ ಮನೇಲೂ ಅಂಗೇ ಮಾಡೋದು."

ಎಲ್ಲರ ಮನೆಯಲ್ಲೂ. ಕೆಳಗಿನ ಬೀದಿಯ ಮೂವರ ಖಾಲಿ ಗೂಡುಗಳೂ ಕಣ್ಣ ಮುಂದೆ ಬಂದವು.

ಸಿಟ್ಟನ್ನು ಆಮೇಲೆ ಮಾಡಿಕೊಳ್ಳೋಣ, ಮೊದಲು ಇವಳದ್ದು ಎಂದು ಕ್ಯಾಲೆಂಡರು ತೆಗೆದೆ. ಹಾಳೆಯಲ್ಲಿ ಇಪ್ಪತ್ತೊಂದು ಬಿಳಿ ಮಾತ್ರೆ, ಏಳು ಕಂದು ಮಾತ್ರೆ. ಕೆಲಸ ಮಾಡುವುದು ಬಿಳಿಯದು. ಕಂದು ಬರೀ ಕಬ್ಬಿಣದ್ದು, ಅದು ತಪ್ಪಿದರೆ ಬಸುರಿನ ಭಯವಿಲ್ಲ. ನಡುವಿನಲ್ಲಿ ಒಂದು ಬಿಳಿ ತಪ್ಪಿದರೂ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೆ ನುಂಗಿದರೆ ಸಾಕು, ಒಂದೇ ದಿನ ಎರಡಾದರೂ ಏನೂ ಆಗುವುದಿಲ್ಲ. ಆದರೆ ಏಳು ಕಂದು ಮುಗಿದ ಮೇಲೆ ಹೊಸ ಹಾಳೆಯ ಮೊದಲ ಬಿಳಿಯನ್ನು ತಡಮಾಡಬಾರದು. ಏಳು ದಿನದ ರಜೆಯನ್ನು ಮೈ ತಡೆದುಕೊಳ್ಳುತ್ತದೆ, ಎಂಟು ಒಂಬತ್ತಾದರೆ ಅಂಡ ಎಚ್ಚರವಾಗುತ್ತದೆ. ದಾಕ್ಷಾಯಿಣಿಗೆ ಸರಿಯಾಗಿ ಒಂಬತ್ತಾಗಿತ್ತು.

"ನಿನ್ನ ಗಂಡ ಮನೆಗೆ ಬಂದದ್ದು ಯಾವತ್ತು?"

ಅವಳು ನೆಲ ನೋಡಿದಳು. "ಅವ್ರು ಭಾನುವಾರ ಇದ್ರು. ಸೋಮವಾರ ಲೋಡಿಗೆ ಹೋಗೋರಿದ್ರು, ದಿನಾನೇ ಬರ್ಲಿಲ್ವಲ್ಲ, ಬುಧವಾರ ಎದ್ದೋರೇ ಲಾರಿ ಹತ್ತಿ ಹೋದ್ರು. ಭಾನುವಾರ ಅಷ್ಟೇ ಅಕ್ಕಾ. ಭಾನುವಾರ ಆದ್ಮೇಲೆ ಬುಧವಾರ, ಗುರುವಾರ. ಎರಡು ದಿನ ಆಯ್ತು, ಇವತ್ತು ಮೂರನೇದು. ಮೂರರೊಳಗೇ ಬಂದಿದೀನಲ್ಲ."

"ಮೂರಲ್ಲ ದಾಕ್ಷಾಯಿಣಿ. ಐದು."

ಬೀರುವಿನಲ್ಲಿ ಆ ತುರ್ತು ಮಾತ್ರೆ ಇತ್ತು. ಕೊಟ್ಟು ಕಳಿಸಿದ್ದರೆ ಅವಳಿಗೂ ಸಮಾಧಾನ, ನನಗೂ ಸಮಾಧಾನ. ಆದರೆ ಅದು ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು, ಮೂರು ದಿನ ದಾಟಿದರೆ ಅದರ ಮೇಲೆ ಭಾರ ಹಾಕುವಂತಿಲ್ಲ. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಮಾತ್ರ ಗಟ್ಟಿ. ನನ್ನ ಕೇಂದ್ರದಲ್ಲಿ ಅದನ್ನು ಹಾಕುವ ಮೇಜೂ ಇಲ್ಲ, ಸಾಮಾನೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಗಂಟೆಯ ತನಕ ಹಾಕುತ್ತಾರೆ. ನಾಳೆಗೆ ಐದು ದಿನ ದಾಟುತ್ತದೆ. ಅದೂ ಅಲ್ಲದೆ ನಮ್ಮೂರಿನಲ್ಲಿ ನಾಳೆಯನ್ನು ನೆಚ್ಚಿಕೊಂಡು ಕೂರುವವರು ಯಾರು? ಇವತ್ತೇ ಹೋಗಬೇಕು, ಹತ್ತೂವರೆ ಬಸ್ಸಿಗೇ ಹೋಗಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಅವಳ ಮನೆಗೆ ಹೋದಾಗ ಹಾಲಮ್ಮ ಮೊಮ್ಮಗಳಿಗೆ ತಲೆ ಬಾಚುತ್ತಿದ್ದರು. ವಿಷಯ ಹೇಳಿದೆ. ಅವರು ಬಾಚಣಿಗೆ ನಿಲ್ಲಿಸಲಿಲ್ಲ. "ಬಾರದ ದಿನಾನ ಎಂಗೆ ಎಣಿಸ್ತೀಯವ್ವ? ಎಣಿಸಿದ್ರೆ ಮನೆಗೆ ಒಳ್ಳೇದಲ್ಲ. ನನ್ ಸೊಸೆ ಚೆನ್ನಾಗಿರ್ಲಿ ಅಂತಲೇ ಒಲೆಗೆ ಹಾಕ್ದೆ, ಕೇಡಿಗೆ ಹಾಕಿದ್ನಾ?" ಅಂದರು. ಕೇಡಿಗಲ್ಲ ಅನ್ನುವುದು ನನಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ಸೊಸೆ ಕಣ್ಣು ಬಿಡುವ ತನಕ ಮೂರು ದಿನ ನೀರೂ ಕುಡಿಯದೆ ವರಾಂಡದಲ್ಲಿ ಕೂತಿದ್ದ ಹೆಂಗಸು ಅದು.

ವಾದ ಮಾಡಲು ಹೊತ್ತಿರಲಿಲ್ಲ. ನೇರ ಅವರ ಅಡುಗೆಮನೆಗೆ ನುಗ್ಗಿ ಕಿಟಕಿಯಲ್ಲಿದ್ದ ಹಿಟ್ಟಿನ ಲೋಟ ತಂದು ಮುಂದಿಟ್ಟೆ. "ಬುಧವಾರ ಬೆಳಿಗ್ಗೆ ಈ ಲೋಟದ ಹಿಟ್ಟು ಹೇಗಿತ್ತು ಹಾಲಮ್ಮ?"

"ಎರಡು ದಿನದ ಹುಳಿ. ಮೇಲೆ ಬೂಷ್ಟು ಕಟ್ಟಿತ್ತು."

"ದಿನ ಬಂದಿಲ್ಲ, ನೀನು ಹುಳಿಯಾಗಬೇಡ ಅಂತ ಯಜಮಾನರು ಹಿಟ್ಟಿಗೆ ಹೇಳಿರಲಿಲ್ಲವಾ?"

ಅವರ ಕೈಯಲ್ಲಿ ಬಾಚಣಿಗೆ ನಿಂತಿತು.

"ನಿಮ್ಮ ಸೊಸೆಯ ಮೈಗೂ ಯಾರೂ ಹೇಳಿಲ್ಲ. ಊರು ಮಲಗಿತ್ತು, ಮೈ ಮಲಗಿರಲಿಲ್ಲ. ಅದು ಎರಡು ದಿನವನ್ನೂ ಎಣಿಸಿದೆ. ಈಗ ಬಸುರು ನಿಂತರೆ ಯಾವ ಒಲೆಗೆ ಹಾಕ್ತೀರಿ?"

ಕಡೆಯ ಮಾತು ಆಡಬಾರದಿತ್ತು. ಆದರೆ ಆಡಿಯಾಗಿತ್ತು. ಹಾಲಮ್ಮ ಲೋಟವನ್ನೇ ನೋಡುತ್ತ ಕೂತರು, ಎಷ್ಟು ಹೊತ್ತೆಂದರೆ ಮಗು ಅರ್ಧ ಜಡೆಯಲ್ಲೇ ಎದ್ದು ಹೋಯಿತು. ಆಮೇಲೆ ಏನೋ ಲೆಕ್ಕ ಹಾಕುವವರ ಹಾಗೆ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದರು. ಮುಖ ಬಿಳಿಚಿಕೊಂಡಿತು. ಎದ್ದು, ಮಗುವನ್ನು ಎದುರು ಮನೆಗೆ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ನಮಗಿಂತ ಮುಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಬಸ್ಸು ಬಂದದ್ದೇ ಹನ್ನೊಂದಕ್ಕೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು, ಯಾರೋ ಹೂಕೋಸಿನ ಮೂಟೆ ಇಳಿಸಲು ಕಾಲು ಗಂಟೆ ತಿಂದರು. "ಇಬ್ರಾಹಿಂ, ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸದಿದ್ದರೆ ನಿನ್ನ ಬಸ್ಸಿಗೇ ಇಂಜೆಕ್ಷನ್ ಕೊಡ್ತೀನಿ," ಅಂದೆ. ಅವನು ಪಾಪ ಆಮೇಲೆ ಎರಡು ಸ್ಟಾಪಿನಲ್ಲಿ ಪೂರಾ ನಿಲ್ಲಿಸದೆಯೇ ಜನರನ್ನು ಹತ್ತಿಸಿಕೊಂಡ. ದಾಕ್ಷಾಯಿಣಿ ನನ್ನ ಕಿವಿಯಲ್ಲಿ, "ಅಕ್ಕಾ, ಕಾಪರ್-ಟಿ ಅಂದ್ರೆ ಭಯ. ಅದು ಎದೆಗೆ ಏರಿ ಹೋಗ್ತದಂತೆ," ಅಂದಳು. ಎದೆಗೆ ಏರಲು ಅದಕ್ಕೇನು ಏಣಿ ಹಾಕಿರುತ್ತಾರಾ, ಗರ್ಭಕೋಶದಲ್ಲೇ ಇರುತ್ತದೆ, ಹಾಕುವಾಗ ನೋವಾಗುತ್ತದೆ, ಮೊದಲ ಎರಡು ಮೂರು ತಿಂಗಳು ಮುಟ್ಟಿನಲ್ಲಿ ಸ್ವಲ್ಪ ಜಾಸ್ತಿ ಹೋಗಬಹುದು, ಬೇಡವಾದ ದಿನ ತೆಗೆಸಬಹುದು ಎಂದು ಇದ್ದದ್ದು ಇದ್ದ ಹಾಗೇ ಹೇಳಿದೆ. ಹಾಲಮ್ಮ ಕಿಟಕಿಯ ಹೊರಗೆ ನೋಡುತ್ತ, ಇನ್ನೂ ಬೆರಳು ಎಣಿಸುತ್ತಲೇ ಇದ್ದರು.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಅತ್ತೆ ಸೊಸೆಯನ್ನು ಡಾಕ್ಟರ ಕೋಣೆಗೆ ತಳ್ಳಿ ನಾನು ಚೀಟಿ ಮಾಡಿಸಲು ಓಡಿದೆ. ಚೀಟಿ ಹಿಡಿದು ವಾಪಸು ಬಂದಾಗ ಬಾಗಿಲ ಹತ್ತಿರವೇ ಲೇಡಿ ಡಾಕ್ಟರ ಪ್ರಶ್ನೆ ಕೇಳಿಸಿತು: "ಎಷ್ಟು ದಿನ ಆಯ್ತಮ್ಮ?"

"ಮೂರನೇ ದಿನ," ಅಂದಳು ದಾಕ್ಷಾಯಿಣಿ. ಭಯಕ್ಕೆ. ಮೂರು ಅಂದರೆ ಮಾತ್ರೆಯಲ್ಲೇ ಮುಗಿದೀತು ಅನ್ನುವ ಆಸೆಗೆ.

"ಮೂರು ದಿನವಾದರೆ ಮಾತ್ರೆ ಕೊಡಬಹುದಲ್ಲ," ಎಂದು ಡಾಕ್ಟರು ಬರೆಯಲು ಪೆನ್ನು ಎತ್ತಿದ್ದರು. ನಾನು ಬಾಗಿಲು ತಳ್ಳುವಷ್ಟರಲ್ಲಿ ಹಾಲಮ್ಮನ ದನಿ ಕೇಳಿತು.

"ಸುಳ್ಳು ಡಾಕ್ಟ್ರಮ್ಮ. ಮೂರಲ್ಲ, ಐದು. ಎರಡು ದಿನಾನ ನಾನೇ ಒಲೆಗೆ ಹಾಕಿದ್ದು. ಅದು ಬಂದಿತ್ತು. ಅದನ್ನೂ ಸೇರಿಸ್ಕೊಂಡು ಬರೀರಿ."

ಊರಿನಲ್ಲಿ ಆ ಮಾತು ಆಡಿದ್ದರೆ ಯಜಮಾನರು ಚಾವಡಿಗೆ ಕರೆಸುತ್ತಿದ್ದರು. ಡಾಕ್ಟರಿಗೆ ಅರ್ಥವಾಗಲಿಲ್ಲ, ನಾನು ನಮ್ಮೂರಿನ ಹೆಸರು ಹೇಳಿದ ಮೇಲೆ ಅರ್ಥವಾಯಿತು. ಮೂತ್ರ ಪರೀಕ್ಷೆ ಮಾಡಿದರು, ಬಸುರು ಇನ್ನೂ ಇರಲಿಲ್ಲ. ರಕ್ತ ನೋಡಿ, "ಹಿಮೋಗ್ಲೋಬಿನ್ ಹತ್ತು ಇದೆ, ಸಾಕು. ಕಬ್ಬಿಣದ ಮಾತ್ರೆ ಮಾತ್ರ ಬಿಡಬೇಡ," ಅಂದರು. ಒಂದು ಗಂಟೆ ಹತ್ತು ನಿಮಿಷಕ್ಕೆ ದಾಕ್ಷಾಯಿಣಿ ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿದುಕೊಂಡಿದ್ದಳು, ಒಂದೂ ಇಪ್ಪತ್ತಕ್ಕೆ, "ಇಷ್ಟೇನಾ?" ಎಂದು ಕೇಳಿದಳು. ನನಗೆ ನಗುವೂ ಬಂತು, ಅಳುವೂ ಬಂತು.

ಹಾಲಮ್ಮ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರು ನನ್ನ ಕಡೆ ತಿರುಗದೆಯೇ ಕೇಳಿದರು. "ನರ್ಸಮ್ಮ, ನನ್ ಚಂಪಕ ಗೊತ್ತಾ ನಿಂಗೆ?"

ನಾನು ಅವಳನ್ನು ನೋಡಿರಲಿಲ್ಲ. ಅವರ ಮೊದಲ ಮಗಳು, ನಾನು ಬರುವ ಹಿಂದಿನ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು ಎಂದಷ್ಟೇ ಕೇಳಿದ್ದೆ.

"ನೋವು ಸುರುವಾದಾಗ ಎಂಟೇ ತಿಂಗಳು. ಇದು ಸುಳ್ಳು ನೋವು, ಇನ್ನೂ ಒಂದು ತಿಂಗಳೈತೆ, ಕಷಾಯ ಕುಡಿದು ಮಲಕ್ಕೋ ಅಂದೆ. ಬಸ್ಸು ಬಂತು, ಹೋಯ್ತು. ಇನ್ನೊಂದು ಬಂತು, ಹೋಯ್ತು. ಎಂಟು ತಿಂಗಳಿಗೇ ಬಂದ್ಬಿಡ್ತು, ಹಣೆಬರ ಅಂದ್ಕಂಡೆ ಇಷ್ಟು ವರ್ಸ." ಬೆರಳುಗಳನ್ನು ನನ್ನ ಮುಂದೆ ಹಿಡಿದರು. "ಬೆಳಿಗ್ಗೆಯಿಂದ ಎಣಿಸ್ತಿದೀನಿ. ಆ ಸುಗ್ಗೀಲಿ ಆರು ದಿನ ಬಂದಿರ್ಲಿಲ್ಲ. ಬೇಸಗೇಲಿ ಒಂಬತ್ತು. ಶ್ರಾವಣದ ಹೊತ್ತಿಗೆ ಇನ್ನೊಂದು ಹದಿಮೂರು. ಎಂಟಲ್ಲ ಕಣವ್ವ. ಒಂಬತ್ತು ತುಂಬಿತ್ತು. ನನ್ ಮಗಳು ಸರಿಯಾಗೇ ಹೇಳಿದ್ಲು. ನಾನೇ ಮಲಗಿಸ್ದೆ."

ಅವರ ಆ ಬೆರಳುಗಳನ್ನು ಹಿಡಿದುಕೊಂಡೆ. ನಾಲ್ಕು ಗಂಟೆಯ ಬಸ್ಸು ಬರುವ ತನಕ ಹಾಗೇ ಕೂತಿದ್ದೆವು.

ಮೂರು ವಾರ ಕಳೆದು ದಾಕ್ಷಾಯಿಣಿ ಪರೀಕ್ಷೆಗೆ ಬಂದಳು. ಊರಿನ ಲೆಕ್ಕಕ್ಕೆ ಹತ್ತೊಂಬತ್ತು ದಿನ, ನನ್ನ ಕ್ಯಾಲೆಂಡರಿನ ಲೆಕ್ಕಕ್ಕೆ ಇಪ್ಪತ್ತೊಂದು. ಜೊತೆಯಲ್ಲಿ ಬಂದ ಹಾಲಮ್ಮ ಬಾಗಿಲಲ್ಲೇ, "ಇಪ್ಪತ್ತೊಂದಾಯ್ತು, ನೋಡು," ಅಂದರು. ಮೂತ್ರ ಪರೀಕ್ಷೆಯ ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿತು. ಬಸುರು ಹೇಳುವ ಎರಡನೆಯ ಗೆರೆ ಮೂಡೀತೇನೋ ಎಂದು ಮೂವರೂ ಐದು ನಿಮಿಷ ಬಗ್ಗಿ ನೋಡಿದೆವು, ಮೂಡಲಿಲ್ಲ. ದಾಕ್ಷಾಯಿಣಿ ಕೂತಲ್ಲೇ ಜೋರಾಗಿ ನಕ್ಕಳು. ಸೊಸೆಯನ್ನು ಮನೆಗೆ ಕಳಿಸಿ ಹಾಲಮ್ಮ ಹಿಂದೆ ಉಳಿದರು. ಹಳೆಯ ನರ್ಸಿನ ರಿಜಿಸ್ಟರು ಇದೆಯಾ ಎಂದು ಕೇಳಿದರು. ತೆಗೆದೆ. ಚಂಪಕ, ಇಪ್ಪತ್ತೆರಡು ವರ್ಷ, ಎಂಟು ತಿಂಗಳು.

"ಅದನ್ನ ಹೊಡೆದು ಒಂಬತ್ತು ಬರಿ," ಅಂದರು.

ಸರ್ಕಾರಿ ರಿಜಿಸ್ಟರು ತಿದ್ದುವುದು ತಪ್ಪು. ತಿದ್ದಿದೆ. ಪಕ್ಕದಲ್ಲಿ ನನ್ನ ಸಹಿಯನ್ನೂ ಹಾಕಿದೆ, ಕೇಳುವವರು ನನ್ನನ್ನೇ ಕೇಳಲಿ ಎಂದು. ಅವರಿಗೆ ಓದಲು ಬರುವುದಿಲ್ಲ, ಆದರೂ ಆ ಒಂಬತ್ತರ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನಿಂತಿದ್ದರು.

ಹೋದ ತಿಂಗಳು ಒಂದು ಮಂಗಳವಾರ ಬರಲಿಲ್ಲ. ಬುಧವಾರ ಬೆಳಿಗ್ಗೆ ನನ್ನ ಕಿಟಕಿಯ ಹಿಟ್ಟು ಹುಳಿಯಾಗಿ ಇಳಿದಿತ್ತು. ಕ್ಯಾಲೆಂಡರಿಗೆ ಕೆಂಪು ಸುತ್ತು ಹಾಕಿ, ಮನೆಮನೆಗೆ ಹೋಗಿ ಮಾತ್ರೆಯ ವಿಷಯ ಹೇಳಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಬೀದಿಯ ತುದಿಯಿಂದ ಬಾಗಿಲು ಬಡಿಯುವ ಸದ್ದು ಕೇಳಿತು. ಹಾಲಮ್ಮ. ಒಂದು ಕೈಯಲ್ಲಿ ಹಿಟ್ಟಿನ ಲೋಟ, ಇನ್ನೊಂದು ಕೈಯಲ್ಲಿ ಹರಿಯದ ಕ್ಯಾಲೆಂಡರು. ಚಾವಡಿ ಕಟ್ಟೆಯ ಮೇಲೆ ಯಜಮಾನರು ಹರಿದ ಹಾಳೆ ಹಿಡಿದು, "ಹಾಲಮ್ಮ, ಪದ್ಧತಿ ಅಂತ ಒಂದೈತೆ!" ಎಂದು ಕೂಗುತ್ತಿದ್ದರು. ಹಾಲಮ್ಮ ತಿರುಗಿಯೂ ನೋಡಲಿಲ್ಲ. ಕೆಳಗಿನ ಬೀದಿಯ ಒಂದೊಂದು ಬಾಗಿಲನ್ನೂ ಅಂಗೈಯಿಂದ ಬಡಿಯುತ್ತ, ಎಲ್ಲರಿಗೂ ಕೇಳುವ ಹಾಗೆ ಕೂಗುತ್ತ ಹೋದರು:

"ಎದ್ದೇಳ್ರೇ! ಕಂದು ಆದ್ರೆ ಬಿಡಿ, ಬಿಳಿ ಆದ್ರೆ ಈಗೊಂದು ರಾತ್ರಿಗೊಂದು ನುಂಗಿ! ಒಲೆಗೆ ಹಾಕ್ಬೇಡಿ! ನಿನ್ನೆ ಬಂದಿತ್ತು ಕಣ್ರೇ, ನಿನ್ನೆ ಬಂದಿತ್ತು!"